ನಡುಗೋ ಡಬ್ಬಿಯ ಪ್ರತಾಪ

ಎಲ್ಲ ರಾದ್ಧಾಂತಕ್ಕೂ ಮೂಲ ಅಂಗೈಯಗಲದ ಎರಡು ಕರಿ ಡಬ್ಬಿಗಳು. ಟ್ರಾನ್ಸ್‌ಡ್ಯೂಸರ್ ಅಂತ ಅವುಗಳ ಹೆಸರು. ಸ್ಪೀಕರಿನ ಜಾತಿಗೇ ಸೇರಿದವು, ಆದರೆ ಹಾಡುವುದಿಲ್ಲ, ಬರೀ ನಡುಗುತ್ತವೆ. ಕುರ್ಚಿಯ ಕೆಳಗೆ ಬೋಲ್ಟು ಹಾಕಿ ಬಿಗಿದರೆ, ಕಂಪ್ಯೂಟರ್ ಆಟದ ರೇಸ್ ಕಾರು ಎಲ್ಲೆಲ್ಲಿ ಕುಲುಕುತ್ತದೋ ಅಲ್ಲಲ್ಲಿ ಆಡುವವನ ಬೆನ್ನೂ ಕುಲುಕುತ್ತದೆ. ಭಾನುವಾರ ಬೆಳಗ್ಗೆ ಕೊರಿಯರಿನವನು ಅವನ್ನು ಕೊಟ್ಟುಹೋದಾಗ ನಿಧಾನಪ್ಪ ಹಸುಗೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡು ಒಳಗೆ ಬಂದ.

ನಿಧಾನಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ನಕ್ಷೆ ಬಿಡಿಸುವ ಆಫೀಸಿನಲ್ಲಿ ಜೊತೆಯವರು ಇಟ್ಟದ್ದು. ಅವನ ಸ್ಕೂಟರನ್ನು ಸೈಕಲ್ಲಿನವರು ಬೆಲ್ಲು ಹೊಡೆದು ದಾಟಿ ಹೋಗುತ್ತಿದ್ದರು. ಆ ಅವಮಾನ ತೊಳೆದುಕೊಳ್ಳಲೆಂದೇ ಅವನು ಮನೆಯ ಚಿಕ್ಕ ರೂಮಿನಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸಿ, ಅದಕ್ಕೆ ಹಳೇ ಕಾರಿನ ಸೀಟು, ಸ್ಟೀರಿಂಗು, ಪೆಡಲು, ಎದುರಿಗೊಂದು ದೊಡ್ಡ ಪರದೆ ಕೂಡಿಸಿ ರೇಸಿನ ರಿಗ್ಗು ಕಟ್ಟಿಕೊಂಡಿದ್ದ. ಅಲ್ಲಿ ಅವನು ನಿಧಾನವೇನಲ್ಲ. ಮೊದಲ ತಿರುವಿನ ಗೋಡೆಯನ್ನು ಅವನಷ್ಟು ಬೇಗ ಸೇರಿದವರು ಇಲ್ಲ.

ಆ ರೂಮಿನ ಮೇಲೆ ಹೆಂಡತಿಗೂ ಕಣ್ಣು. ಅವಳು ಮನೆಯಲ್ಲೇ ಹೊಲಿಗೆ ಕೆಲಸ ಮಾಡುವವಳು. ಅವಳ ಮಷೀನು ಇದ್ದದ್ದು ರೂಮಿಗೂ ಬಚ್ಚಲಿಗೂ ನಡುವಿನ ಇಕ್ಕಟ್ಟು ಪ್ಯಾಸೇಜಿನಲ್ಲಿ. ಬಚ್ಚಲಿಗೆ ಹೋಗುವವರೆಲ್ಲ ಬಟ್ಟೆ ತುಳಿದೇ ಹೋಗಬೇಕು. ಹಿಂದಿನ ವಾರ ಅವಳ ತಮ್ಮ ಊಟಕ್ಕೆ ಬಂದಾಗ ಈ ಜಗಳ ಅವನ ಎದುರಿಗೆ ಹೋಯಿತು. ಅವನೂ ರೇಸಿನ ಹುಚ್ಚನೇ, ಅವನ ಮನೆಯಲ್ಲೂ ಒಂದು ರಿಗ್ಗಿತ್ತು.

"ಭಾವ, ಮುಂದಿನ ಭಾನುವಾರ ಸಂಜೆ ನಾನೂ ನೀವೂ ನಮ್ಮ ನಮ್ಮ ಮನೇಲೇ ಕೂತು, ಇಂಟರ್ನೆಟ್ಟಲ್ಲಿ ಒಂದು ರೇಸು ಓಡೋಣ. ನಾನು ಗೆದ್ರೆ ರೂಮು ಅಕ್ಕನ ಮಷೀನಿಗೆ. ನೀವು ಗೆದ್ರೆ ಅಕ್ಕ ಮತ್ತೆ ಆ ಮಾತೆತ್ತೋ ಹಾಗಿಲ್ಲ."

"ಆಗ್ಲಿ," ಅಂದುಬಿಟ್ಟ ನಿಧಾನಪ್ಪ. ಆಡಿದ ಮಾತನ್ನು ನುಂಗುವುದಕ್ಕಾಗುತ್ತದೆಯೇ? ಭಾವಮೈದ ಮೆಟ್ಟಿಲಿಳಿದ ಕೂಡಲೇ ಡಬ್ಬಿಗಳಿಗೆ ಆರ್ಡರು ಹೋಯಿತು.

ಈಗ ಅವನು ರಿಗ್ಗಿನ ಕೆಳಗೆ ಅಂಗಾತ ಮಲಗಿ ಬೋಲ್ಟು ತಿರುವುತ್ತಿದ್ದ. ಹೆಂಡತಿ ಬಾಗಿಲಿಗೆ ಒರಗಿ ನೋಡುತ್ತಿದ್ದಳು.

"ಈ ನಡುಗೋ ಡಬ್ಬಿ ಹಾಕಿದ್ರೆ ನಿಮ್ಮ ಗಾಡಿ ಗೋಡೆಗೆ ಹೋಗಲ್ವಾ?"

"ಟೈರು ಜಾರೋ ಮೊದ್ಲೇ ಸೀಟು ನನಗೆ ಹೇಳತ್ತೆ ಕಣೇ. ಇಷ್ಟು ದಿನ ಕಣ್ಣಲ್ಲಿ ಓಡಿಸ್ತಿದ್ದೆ. ಇನ್ಮೇಲೆ ಬೆನ್ನಲ್ಲಿ ಓಡಿಸ್ತೀನಿ."

"ಕಣ್ಣಿದ್ದೇ ಕಾಣ್ಲಿಲ್ಲ. ಬೆನ್ನಿಗೇನು ಕಾಣತ್ತೋ."

ಡಬ್ಬಿಗಳ ತಂತಿಯನ್ನು ಆಂಪ್ಲಿಫೈಯರಿಗೆ ಕೊಟ್ಟು, ಅದರ ಪ್ಲಗ್ಗನ್ನು ಸಿಕ್ಕಿಸಿ, ನಡುಕ ಹೆಚ್ಚಿಸುವ ತಿರುಪು ಪೂರ್ತಿ ಏರಿಸಿದ. ಕಾರು ಚಾಲೂ ಆಯಿತು. ಸೀಟು ಗುರ್ರೆಂದಿತು, ಬೆನ್ನು ಜುಮ್ಮೆಂದಿತು. ಅವನ ಮುಖದಲ್ಲಿ ನಗು ಅರಳುವ ಹೊತ್ತಿಗೆ ಕೆಳಗಿನ ಮನೆಯಲ್ಲಿ ಏನೋ ಢಣಾರೆಂದಿತು. ಅದರ ಹಿಂದೆಯೇ ಮೆಟ್ಟಿಲ ಮೇಲೆ ಬೆತ್ತದ ಸದ್ದು.

ಬಂದವರು ಕೆಳಗಿನ ಮನೆಯ ಮೇಷ್ಟ್ರು. ಕೆಲಸದಿಂದ ನಿವೃತ್ತರಾಗಿದ್ದರು, ತಿದ್ದುವುದರಿಂದ ಆಗಿರಲಿಲ್ಲ.

"ಏನಪ್ಪಾ, ಬಾವಿ ತೋಡ್ತಿದ್ದೀಯಾ? ನಮ್ಮ ಪಾತ್ರೆಗಳೆಲ್ಲ ಶೆಲ್ಫ್ ಬಿಟ್ಟು ಹೊರಟಿವೆ. ಲೋಟದಲ್ಲಿಟ್ಟಿದ್ದ ನನ್ನ ಹಲ್ಲಿನ ಸೆಟ್ಟು ನಾನಿಲ್ದೇನೇ ಮಾತಾಡ್ತಿತ್ತು."

ನಿಧಾನಪ್ಪ ವಿಷಯ ತಿಳಿಸಿದ. ಬೈಸಿಕೊಳ್ಳಲು ಸಿದ್ಧನಾಗಿ ನಿಂತಿದ್ದ. ಆದರೆ ಮೇಷ್ಟ್ರಿಗೆ ಸಿಟ್ಟಿಗಿಂತ ಸಲಹೆಯ ಚಪಲ ಜಾಸ್ತಿ.

"ನೆಲಕ್ಕೂ ಕಬ್ಬಿಣಕ್ಕೂ ಸಂಬಂಧ ಕಡೀಬೇಕು. ಕೆಳಗೆ ರಬ್ಬರು, ಅದರ ಮೇಲೆ ಹಲಗೆ, ಹಲಗೆ ಮೇಲೆ ನಿನ್ನ ಗಾಡಿ. ಹಲಗೆ ನಮ್ಮಲ್ಲೇ ಇದೆ, ಬಾ."

ಹಲಗೆ ಅಂದದ್ದು ಅಗುಳಿ ಸಮೇತವಿದ್ದ ಒಂದು ಹಳೇ ಬಾಗಿಲು. ಅದನ್ನು ಮೇಲೆ ಹೊತ್ತು ತರುವಷ್ಟರಲ್ಲಿ ಮೆಟ್ಟಿಲ ದೀಪ ಒಡೆಯಿತು, ನಿಧಾನಪ್ಪನ ಹೆಬ್ಬೆಟ್ಟು ಜಜ್ಜಿತು, ಮೇಷ್ಟ್ರು ಮಾತ್ರ ಹಿಂದಿನಿಂದ "ಎಡಕ್ಕೆ, ಎಡಕ್ಕೆ" ಅನ್ನುತ್ತ ಬಲಕ್ಕೆ ಬೆತ್ತ ತೋರಿಸುತ್ತಿದ್ದರು. ಹಳೇ ಟಯರು ಟ್ಯೂಬಿನ ತುಂಡುಗಳ ಮೇಲೆ ಬಾಗಿಲನ್ನು ಮಲಗಿಸಿ, ಅದರ ಮೇಲೆ ರಿಗ್ಗನ್ನು ಎಳೆದು ನಿಲ್ಲಿಸಿದ್ದಾಯಿತು. ಬಾಗಿಲು ರೂಮಿಗಿಂತ ಉದ್ದ. ಒಂದು ತುದಿ ಹೊಸಲು ದಾಟಿ ಪ್ಯಾಸೇಜಿಗೆ ಚಾಚಿಕೊಂಡಿತು. ರೂಮಿನ ಬಾಗಿಲು ಹಾಕಲು ಈಗ ಬಾಗಿಲೇ ಅಡ್ಡ.

"ನನ್ನ ಮಷೀನಿನ ಜಾಗ ಹೋಯ್ತು. ಗೋಡೆ ಬುಡದಲ್ಲಿದ್ದ ಪ್ಲಗ್ ಪಾಯಿಂಟೂ ಮುಚ್ಚಿಹೋಯ್ತು. ನಾಳೆ ಬೆಳಗ್ಗೆ ಗಿರಾಕಿಗೆ ಕಿಟಕಿ ಪರದೆಗಳನ್ನ ಕೊಡ್ಬೇಕು, ಎಲ್ಲಿಡ್ಲಿ ಇದನ್ನ?" ಅಂದಳು ಹೆಂಡತಿ.

"ಎಲ್ಲಾದ್ರೂ ಇಡೇ. ಇವತ್ತೊಂದಿನ ತಲೆ ತಿನ್ಬೇಡ."

ಮೇಷ್ಟ್ರು ಕೆಳಗೆ ಹೊರಟರು. "ನಾನು ಕೂತು ಗಮನಿಸ್ತಿರ್ತೀನಿ. ಸೂರಿಗೆ ಒಂದು ಸಲ ಕುಟ್ಟಿದ್ರೆ ಪಾಸು. ಎರಡು ಸಲ ಕುಟ್ಟಿದ್ರೆ ಫೇಲು."

ಮಧ್ಯಾಹ್ನವಿಡೀ ನಿಧಾನಪ್ಪ ಫೇಲಾದ. ತಿರುಪು ಇಳಿಸಿದ, ಕೆಳಗಿನಿಂದ ಟಕ್ ಟಕ್. ಇನ್ನಷ್ಟು ಟ್ಯೂಬು ತುರುಕಿದ, ಟಕ್ ಟಕ್. ಕೊನೆಗೆ ಸೀಟಿನ ನಡುಕ ಬೆನ್ನಿಗೂ ತಿಳಿಯದಷ್ಟು ಇಳಿದ ಮೇಲೆ ಒಂದೇ ಒಂದು ಟಕ್ ಬಂತು. ಅಂಥ ಪಾಸು ಯಾರಿಗೆ ಬೇಕು? ಅವನು ಗಟ್ಟಿ ಮನಸ್ಸು ಮಾಡಿದ. ರೇಸಿನ ಹೊತ್ತಿಗೆ ತಿರುಪು ಪೂರ್ತಿ ಏರಿಸುವುದು, ಮೇಷ್ಟ್ರು ಸೂರು ತೂತು ಮಾಡಿದರೂ ನಿಲ್ಲಿಸಬಾರದು.

ಸಂಜೆಯಾಯಿತು. ತಿರುಪು ಏರಿಸಿ, ಬಾಗಿಲಿಗೆ ಬೆನ್ನು ಹಾಕಿ ಕೂತು, ಕಿವಿ ಮುಚ್ಚುವ ಹೆಡ್‌ಫೋನ್ ಧರಿಸಿದ. ಹಿಂದಿನಿಂದ ಹೆಂಡತಿ ಏನೋ ಕೇಳಿದಂತಾಯಿತು. ಕಿವಿ ತುಂಬ ಇಂಜಿನ್ನು. ಅವನು ತಿರುಗಿಯೂ ನೋಡದೆ ಹೆಬ್ಬೆರಳು ಎತ್ತಿ ತೋರಿಸಿದ.

ರೇಸು ಹೊರಟಿತು. ಮೊದಲು ಸೀಟು ಸತ್ತಂತೆ ಕೂತಿತ್ತು. ಆಮೇಲೆ, ಆಹಾ, ಬೆನ್ನಿನುದ್ದಕ್ಕೂ ಸಣ್ಣಗೆ, ಒಂದೇ ಸಮನೆ, ಜೇನುಗೂಡಿಗೆ ಒರಗಿದ ಹಾಗೆ ನಡುಕ. ಮಧ್ಯಾಹ್ನದ ಒರಟು ಗುರ್ ಅಲ್ಲ ಇದು. ನೇರ ರಸ್ತೆಯಲ್ಲಿ ಸರ್ರನೆ ಹರಿಯಿತು. ಥಟ್ಟನೆ ನಿಂತಿತು. 'ಟೈರು ಹಿಡಿತ ಬಿಡ್ತಿದೆ,' ಅಂದುಕೊಂಡು ಅವನು ಬ್ರೇಕು ಒತ್ತಿದ. ಎದುರಿಗೆ ಮೊದಲ ತಿರುವು. ಗೋಡೆ ಬಲಗಡೆ ಹಾಗೇ ಸರಿದುಹೋಯಿತು. ಅಷ್ಟು ದಿನದ ಪರಿಚಯವಿದ್ದರೂ ಅದನ್ನು ಪಕ್ಕದಿಂದ ನೋಡಿದ್ದು ಅದೇ ಮೊದಲು.

"ಭಾವ, ಗೋಡೆಗೆ ಬೇಜಾರಾಗತ್ತೆ, ಮಾತಾಡ್ಸಿ ಬನ್ನಿ," ಭಾವಮೈದ ಹೆಡ್‌ಫೋನಿನಲ್ಲಿ ಕಿಚಾಯಿಸಿದ.

ನಿಧಾನಪ್ಪ ನಡುಕ ಹರಿದಾಗ ಓಡಿಸಿದ, ನಿಂತಾಗ ನಿಧಾನಿಸಿದ. ಕಾಲಿನ ಕೆಳಗೆ ಮೇಷ್ಟ್ರ ಬೆತ್ತದ ಒಂದೇ ಏಟು ತಾಗಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒಂದೇ ಏಟು. ತಿರುಪು ಪೂರ್ತಿ ಏರಿದ್ದರೂ ಪಾಸು. ರಬ್ಬರು ಈಗ ಹದಕ್ಕೆ ಬಂತು, ಅಂದುಕೊಂಡ. ಅವನಿಗೆ ಆನೆ ಬಲ ಬಂತು. ಬಾಯಿ ಜಾಸ್ತಿಯಾಗಿದ್ದ ಭಾವಮೈದ ಮಾತಿನ ಭರದಲ್ಲಿ ತಿರುವು ಮರೆತು ಹುಲ್ಲಿಗಿಳಿದ, ಎದ್ದು ಬಂದು ಇನ್ನೊಮ್ಮೆ ಇಳಿದ. ಕೊನೆಯ ಗೆರೆಯನ್ನು ನಿಧಾನಪ್ಪ ಒಬ್ಬನೇ, ಗಂಭೀರವಾಗಿ, ದಿಬ್ಬಣದ ಕಾರಿನಂತೆ ದಾಟಿದ.

ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಅವನು ಸ್ಪೀಕರಿಗೆ ಹಾಕಿದ. ಮೇಷ್ಟ್ರೂ ಮೇಲೆ ಬಂದರು, ಫಲಿತಾಂಶ ತಿಳಿಯಲು.

"ಹೇಗೆ ಭಾವ? ನೀವು ಹೀಗೆ ಓಡಿಸೋರೇ ಅಲ್ಲ."

"ನಾನಲ್ಲಪ್ಪ. ಯಂತ್ರ," ಅಂದ ನಿಧಾನಪ್ಪ, ಎದೆಯ ಮೇಲೆ ಕೈಯಿಟ್ಟುಕೊಂಡು. "ಮೇಷ್ಟ್ರೇ, ನೀವೇ ಸಾಕ್ಷಿ. ನನ್ನ ಸೀಟನ್ನ ನಡುಗಿಸಿ ಗೆಲ್ಲಿಸಿದ ಯಂತ್ರಕ್ಕೇ ಈ ರೂಮು. ಅದನ್ನ ಇಲ್ಲಿಂದ ಯಾರೂ ಕದಲಿಸೋ ಹಾಗಿಲ್ಲ. ಅದಕ್ಕೆ ನಾನೇ ಅಡ್ಡ ಬಂದ್ರೂ ನಾನೇ ಹೊರಗೆ."

"ಕೊನೇ ಮಾತಾ?" ಮೇಷ್ಟ್ರು ಕೇಳಿದರು.

"ಕೊನೇ ಮಾತು."

ಹೆಂಡತಿ ಹಲ್ಲಿನಿಂದ ದಾರ ಕಡಿದು ಎದ್ದಳು. "ಹಾಗಾದ್ರೆ ಈ ಕಡೆಯಿಂದ ಸ್ವಲ್ಪ ಹಿಡ್ಕೊಳಿ. ಭಾರ ಇದೆ."

"ಏನನ್ನ?"

"ಯಂತ್ರಾನ."

ನಿಧಾನಪ್ಪ ತಿರುಗಿ ನೋಡಿದ. ಹೊಸಲಿನಾಚೆ ಚಾಚಿದ್ದ ಬಾಗಿಲಿನ ತುದಿಯ ಮೇಲೆ ಹೊಲಿಗೆ ಮಷೀನು ಕೂತಿತ್ತು. ಅದರ ವೈರು ರೂಮಿನೊಳಗೆ ಬಂದು ಆಂಪ್ಲಿಫೈಯರಿನ ಜಾಗದಲ್ಲಿ ಸಿಕ್ಕಿಕೊಂಡಿತ್ತು. ಆಂಪ್ಲಿಫೈಯರಿನ ಪ್ಲಗ್ಗು ಸತ್ತ ಇಲಿಯ ಹಾಗೆ ನೆಲದ ಮೇಲೆ ಬಿದ್ದಿತ್ತು.

"ಇದನ್ನ ಕಿತ್ತಿದ್ದು ಯಾರು?"

"ನಾನೇ. ಕೀಳ್ಲಾ ಅಂತ ಕೇಳಿದೆ. ಹೆಬ್ಬೆರಳು ಎತ್ತಿದ್ರಿ. ಎಲ್ಲಾದ್ರೂ ಇಡು ಅಂದಿದ್ರಲ್ಲ, ಇಲ್ಲೇ ಇಟ್ಕೊಂಡು ಪರದೆ ಅಂಚು ಹೊಲೀತಿದ್ದೆ. ಮೂಲೆ ಬಂದಾಗ ಮಾತ್ರ ನಿಲ್ಸಿ ಬಟ್ಟೆ ತಿರುಗಿಸ್ತಿದ್ದೆ."

"ಅದಕ್ಕೇ ಸಂಜೆಯೆಲ್ಲ ಪಾಸು," ಅಂದರು ಮೇಷ್ಟ್ರು, ತಮ್ಮ ಶಿಷ್ಯೆಯೊಬ್ಬಳು ಮೊದಲ ದರ್ಜೆ ಪಡೆದಷ್ಟು ಸಂತೋಷದಿಂದ. ಫೋನಿನೊಳಗಿಂದ ಭಾವಮೈದನ ದನಿ ಕ್ಷೀಣವಾಗಿ ಬಂತು. "ಅಕ್ಕಾ, ಹಾಗಾದ್ರೆ ನನ್ನ ಸೋಲಿಸಿದ್ದು ನೀನಾ?"

ಮಾತು ಮಾತೇ, ಸಾಕ್ಷಿ ಸಾಕ್ಷಿಯೇ. ಕತ್ತಲಾಗುವ ಮೊದಲೇ ಮಷೀನು ಬಾಗಿಲಿನ ಒಳತುದಿಯ ಮೇಲೆ, ರೂಮಿನ ಕಿಟಕಿಯ ಕೆಳಗೆ ಬೆಳಕು ನೋಡಿಕೊಂಡು ಕೂತಿತು. ರಿಗ್ಗು ಬಾಗಿಲಿನ ಹೊರತುದಿಗೆ, ಪ್ಯಾಸೇಜಿಗೆ ಬಂತು, ಬಚ್ಚಲಿಗೆ ಮುಖ ಮಾಡಿಕೊಂಡು.

ಆದರೂ ಗೆದ್ದವನು ಗೆದ್ದವನೇ. ನಿಧಾನಪ್ಪ ಹೆಡ್‌ಫೋನನ್ನು ಒಂದು ಕಿವಿಗೆ ಮಾತ್ರ ಹಾಕಿಕೊಂಡು, ಗೆದ್ದ ಆ ಹಾದಿಯಲ್ಲೇ ಇನ್ನೊಂದು ಸುತ್ತು ಹೊರಟ. ಸೀಟು ನಡುಗಲಿಲ್ಲ. ಗೋಡೆ ಹತ್ತಿರ ಬರುತ್ತಿತ್ತು.

"ಯಾಕೇ ನಿಲ್ಲಿಸ್ಬಿಟ್ಟೆ?"

"ಪರದೆ ಮುಗೀತು. ಇನ್ನು ರವಿಕೆಗಳ ಗುಂಡಿ, ಕೈಹೊಲಿಗೆ. ಗಾಡಿ ನಿಲ್ಸಿ, ಬಂದು ಸೂಜಿಗೆ ದಾರ ಹಾಕ್ಕೊಡಿ."

ಕೆಳಗಿನಿಂದ ಬೆತ್ತದ ಸದ್ದು ಬಂತು. ಒಂದೇ ಸಲ.