ಕೌಲೆಗೆ ಅರಬ್ಬೀ ಡಿಸ್ಕೊ

ಓಯ್ ನವೀನಾ! ಚೈತ್ರಾ! ಬಾಳಗಡಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತವರೆಲ್ಲ ಇಲ್ಲಿ ಕೇಳಿ! ಮೊದಲು ಇಯರ್‌ಫೋನ್ ಹಾಕಿಕೊಳ್ಳಿ, ಈ ವಾಯ್ಸ್ ನೋಟ್ ಜೋರಾಗಿ ಹಾಕಿದರೆ ಈ ಉಜ್ವಲನ ಮರ್ಯಾದೆ ಕೊಪ್ಪ ದಾಟುತ್ತದೆ!

ಕಡಹಿನಬೈಲಿನ ನಮ್ಮ ಕೊಟ್ಟಿಗೆಯನ್ನು ಜಗತ್ತಿನ ಮೊದಲ ಡಿಸ್ಕೊ ಕೊಟ್ಟಿಗೆ ಮಾಡಿಯೇ ತೀರುತ್ತೇನೆಂದು ಹೋದ ವಾರ ಶಪಥ ಮಾಡಿದ್ದೆ. ಎಂಬತ್ತರ ದಶಕದ ಇಟಲಿ ಡಿಸ್ಕೊ, ಕೀಬೋರ್ಡಿನ ದುಪ್ ದುಪ್. ಅದರ ಮೇಲೆ ಅರಬ್ಬರ ಊದ್ ವಾದ್ಯ, ಗಂಟಲು ನಡುಗಿಸುವ ಆಲಾಪ. ಎರಡನ್ನೂ ಬೆರೆಸಿದ ಹಾಡೊಂದು ಸಿಕ್ಕಿತ್ತು. ಅಮ್ಮ ಹಾಲು ಕರೆಯುವಾಗ ಹಾಕಿದೆ. ನಮ್ಮ ಹಸು ಕೌಲೆ ಅರ್ಧ ಲೀಟರ್ ಜಾಸ್ತಿ ಕೊಟ್ಟಳು!

"ನಿಲ್ಸಾ ಅದನ್ನ! ಯಾರೋ ಹಲ್ಲುನೋವಿಗೆ ಅಳ್ತಾ ಇದ್ದಂಗಿದೆ!" ಪಾತ್ರೆ ತುಂಬುವವರೆಗೂ ಅಮ್ಮ ಬೈದಳು.

ನನಗೋ ಕುತೂಹಲ. ಕೌಲೆಗೆ ಹಿಡಿಸಿದ್ದು ಇಟಲಿಯೋ, ಅರೇಬಿಯಾವೋ? ಒಂದು ದಿನ ಬರೀ ದುಪ್ ದುಪ್ ಹಾಕಿದೆ, ಮರುದಿನ ಬರೀ ಊದ್. ಎರಡು ದಿನವೂ ಅಮ್ಮನ ಬೈಗುಳವೂ ಅಷ್ಟೇ, ಅರ್ಧ ಲೀಟರ್ ಜಾಸ್ತಿ ಹಾಲೂ ಅಷ್ಟೇ!

ಇವತ್ತು ಅಮ್ಮನ ಕೈ ಉಳುಕಿತು. ಪಕ್ಕದ ಮನೆ ಅನ್ನಮ್ಮನ ಮೊಮ್ಮಗಳ ನಾಮಕರಣದ ಪಾಯಸಕ್ಕೆ ಹಾಲು ಕೊಡುತ್ತೇನೆಂದು ಮಾತು ಬೇರೆ ಕೊಟ್ಟಾಗಿತ್ತು.

"ನಾನು ಕರೀತೀನಿ, ಹಾಡು ಇದೆಯಲ್ಲ!" ಎಂದೆ.

"ಅವಳು ಬೇರೆಯವರಿಗೆ ಹಾಲು ಇಳಿಸೂದಿಲ್ಲ ಮಾಣಿ. ನನ್ನ ನೈಟಿ ಹಾಕ್ಕೊಂಡು ಹೋಗು, ನಾನೇ ಅಂದ್ಕೊಳ್ತಾಳೆ."

ಹಾಕಿಕೊಂಡೆ. ದೊಡ್ಡ ದೊಡ್ಡ ದಾಸವಾಳದ ಡಿಸೈನು. ಕೌಲೆ ಮೂಸಿದಳು, ಮೇಲಿಂದ ಕೆಳಗೆ ನೋಡಿದಳು. ಒಂದು ಹನಿ ಇಲ್ಲ! ಹಾಡಿನ ಸೌಂಡ್ ಹೆಚ್ಚಿಸಿದೆ. ಬಾಲದಿಂದ ಕೆನ್ನೆಗೊಂದು ಬಿತ್ತು. ಕೊನೆಗೆ ನಾನೇ ಕಣ್ಣು ಮುಚ್ಚಿ ಅರಬ್ಬೀ ಆಲಾಪ ಎತ್ತಿದೆ. ಹಾಲಿಗೆಂದು ಬಂದ ಅನ್ನಮ್ಮ ಬಾಗಿಲಿಂದಲೇ ಅಮ್ಮನನ್ನು ಕೂಗಿದರು.

"ದೇವಕೀ, ಬಾರೇ ಮಾರಾಯ್ತಿ! ಮಾಣಿಗೆ ಎಂತದೋ ಆಗಿದೆ!"

ಅಮ್ಮ ಓಡಿ ಬಂದಳು. "ಏಯ್, ನಿಲ್ಸಾ ಆ ದರಿದ್ರ ಹಾಡನ್ನ!"

ಕೌಲೆಯ ಕಿವಿ ನೆಟ್ಟಗಾಯಿತು. ಹಾಲು ಸರ್ರೆಂದು ಇಳಿಯಿತು! ಅಮ್ಮ ಬಾಯಿ ಮುಚ್ಚಿದಳು, ಹಾಲೂ ನಿಂತಿತು. ಅಂದರೆ ಇಟಲಿಯೂ ಅಲ್ಲ, ಅರೇಬಿಯಾವೂ ಅಲ್ಲ!

"ಅಮ್ಮಾ, ನಿಲ್ಲಿಸ್ಬೇಡ, ಬೈ!"

"ಎಂತಕ್ಕೆ ಅಂತ ಬೈಯೂದಾ?"

"ಅವನ ತಲೆಕೂದಲಿಗೆ ಬೈ," ಅನ್ನಮ್ಮ ನೆರವಿಗೆ ಬಂದರು.

ಕೂದಲಾಯಿತು, ಫೋನಾಯಿತು, ನಾನು ಏಳುವ ಹೊತ್ತಾಯಿತು. ಪಾತ್ರೆ ತುಂಬಿತು, ಪಾಯಸಕ್ಕೆ ಕೊಟ್ಟ ಮಾತು ಉಳಿಯಿತು!

ಗಂಭೀರವಾಗಿ ಹೊರಟವನನ್ನು ಅಮ್ಮ ತಡೆದಳು. "ಹೋಯ್ ಡಿಸ್ಕೊ! ಆ ನೈಟಿ ಒಗೆದು ಹಾಕು. ನಾಳೆನೂ ಹಾಲು ಕರೆಯೂದು ನೀನೇ."

ಒಗೆಯುವ ಕಲ್ಲಿನ ಮೇಲೆ ಬಡಿದೆ: ದುಪ್, ದುಪ್, ದುಪ್. ಕೌಲೆ ತಿರುಗಿಯೂ ನೋಡಲಿಲ್ಲ.