ಅವಳಿ ಹೆತ್ತ ಬ್ರೌಸರ್ ಮಹಾಶಯರಿಗೆ

ಮಾನ್ಯರೇ,

ತಾವು ಎಲ್ಲಿದ್ದರೂ, ಎಷ್ಟನೆಯ ಆವೃತ್ತಿಯಲ್ಲಿದ್ದರೂ, ಭಗವಂತನ ದಯೆಯಿಂದ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮವಾಗಿಯೇ ಇದ್ದೆವು, ಹೋದ ತಿಂಗಳ ಮೊದಲ ಸೋಮವಾರದವರೆಗೆ. ಅಂದು ಬೆಳಿಗ್ಗೆ ತಾವು ಯಾರನ್ನೂ ಒಂದು ಮಾತು ಕೇಳದೆ ಹೊಸಬರಾದಿರಿ.

ನನ್ನ ಪರಿಚಯ ತಮಗಿರಲಾರದು. ಹದಿನೆಂಟು ಹಾಸಿಗೆಯ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ದಾದಿಯಾಗಿದ್ದೇನೆ. ಹಳ್ಳಿ ಶಾಲೆಯಲ್ಲಿ ಕಲಿತವಳು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಗು ಅತ್ತ ಮೇಲೆ ಅದನ್ನು ಒರೆಸಿ, ತೂಗಿ, ತಾಯಿಯ ಮಗ್ಗುಲಲ್ಲಿ ಮಲಗಿಸಿ, ಕೈ ತೊಳೆದು, ದೇವರ ಹೆಸರು ಹೇಳಿ, ತಮ್ಮೊಳಗೆ ತೆರೆದುಕೊಳ್ಳುವ ಜನನ ನೋಂದಣಿಯ ಪುಟದಲ್ಲಿ ಅದನ್ನು ಬರೆಯುವುದು ನನ್ನ ಕೆಲಸ.

ಆ ಪುಟವನ್ನು ಹನ್ನೆರಡು ವರ್ಷದ ಹಿಂದೆ ಕಟ್ಟಿಕೊಟ್ಟ ಗುತ್ತಿಗೆದಾರರಿಗೆ ನಮ್ಮ ವಾರ್ಡಿನಲ್ಲಿ ‘ನಾಳೆ ಎಂಜಿನಿಯರ್’ ಎಂದು ಹೆಸರು; ಯಾವಾಗ ಕರೆದರೂ ಅವರು ಬರುವುದು ನಾಳೆಯೇ. ಅಂದಿನಿಂದಲೂ ‘ಉಳಿಸು’ ಎಂಬ ಗುಂಡಿಯನ್ನು ಒಂದು ಸಲ ಒತ್ತಿದರೆ ತಾವು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ, ಎರಡನೆಯ ಸಲ ಒತ್ತಿದರೆ ಮಗು ಉಳಿಯುತ್ತಿತ್ತು. ಹೊಸದಾಗಿ ಬಂದ ದಾದಿಯರಿಗೆಲ್ಲ ನಾನು ಕಲಿಸಿದ್ದು ಇಷ್ಟೇ: ಮಗುವಿನ ನೀರು ಮೊದಲು ಮೊಣಕೈಗೆ ಸೋಕಿಸಿ ನೋಡು, ಗುಂಡಿ ಎರಡು ಸಲ ಒತ್ತು. ಇದು ತಮ್ಮ ತಪ್ಪೆಂದು ನಮಗೆ ಹೊಳೆಯಲೇ ಇಲ್ಲ. ದೊಡ್ಡವರ ಸ್ವಭಾವವೇ ಹಾಗೆ, ಒಂದು ಸಲ ಕರೆದರೆ ಯಾರು ಓಗೊಡುತ್ತಾರೆ ಎಂದುಕೊಂಡಿದ್ದೆವು.

ಈಗ ತಾವು ಮೊದಲ ಒತ್ತಿಗೇ ಓಗೊಡುತ್ತೀರಿ, ಸಂತೋಷ. ಎರಡನೆಯದಕ್ಕೂ ಓಗೊಡುತ್ತೀರಿ, ಅಲ್ಲೇ ಎಡವಟ್ಟಾದದ್ದು. ಆ ಸೋಮವಾರದಿಂದ ಗುರುವಾರದವರೆಗೆ ನಮ್ಮಲ್ಲಿ ಹುಟ್ಟಿದ ಹನ್ನೊಂದು ಮಕ್ಕಳೂ ಅವಳಿ. ಒಂದೇ ತೂಕ, ಒಂದೇ ನಿಮಿಷ, ಕೂದಲೆಳೆಯ ಅಂತರವಿಲ್ಲ. ಶುಕ್ರವಾರ ಮೇಲಿನ ಕಚೇರಿಯವರು ಫೋನು ಮಾಡಿ, ಬಸುರಿಯರಿಗೆ ಅದೇನು ಮಾತ್ರೆ ಕೊಡುತ್ತಿದ್ದೀರೆಂದು ವಿಚಾರಿಸಿದಾಗಲೇ ನಮಗೆ ತಿಳಿದದ್ದು.

ನಾಳೆ ಎಂಜಿನಿಯರರು ಫೋನಿನಲ್ಲೇ ಬ್ರೌಸರ್ ಮಹಾಶಯರಾದ ತಮ್ಮ ಪರ ವಾದಿಸಿದರು. ಒಂದು ಒತ್ತು ಎಂದರೆ ಒಂದೇ ಒತ್ತು ಎಂದು ಲೋಕಕ್ಕೆಲ್ಲ ಒಂದು ನಿಯಮ ಬರೆದಿಟ್ಟಿದ್ದಾರಂತೆ, ತಾವು ಇಷ್ಟು ದಿನ ಅದನ್ನು ಮೀರಿದ್ದು ಈಗ ಸರಿದಾರಿಗೆ ಬಂದಿದ್ದೀರಂತೆ. “ಬ್ರೌಸರ್ ಸರಿಯಾಗಿದೆ ಅಕ್ಕ, ಕೆಟ್ಟಿರೋದು ನಿಮ್ಮ ಕೈ” ಎಂದರು. ಹಳೆಯ ಪುಟಗಳನ್ನು ಕೆಡಿಸಬಾರದೆಂದು ಹಟ ಹಿಡಿಯುವವರೂ ತಮ್ಮ ಕಡೆ ಇದ್ದಾರಂತೆ, ಆದರೆ ನಮ್ಮಂಥ ಪುಟ ಅವರ ಕಣ್ಣಿಗೂ ಬೀಳುವಷ್ಟು ದೊಡ್ಡದಲ್ಲವಂತೆ.

ತಪ್ಪು ತಿದ್ದಿಕೊಳ್ಳುವುದು ಪುಣ್ಯದ ಕೆಲಸ, ಅದಕ್ಕೆ ಅಡ್ಡ ಬರುವಷ್ಟು ಪಾಪಿ ನಾನಲ್ಲ. ಆದರೆ ನಮ್ಮ ಅತ್ತೆಗೆ ಕಿವಿಗೆ ಯಂತ್ರ ಹಾಕಿಸಿದ ದಿನ, ಅವರನ್ನು ಮನೆಯೊಳಗೆ ಕರೆತರುವ ಮೊದಲೇ ನಾನು ಓಡಿಬಂದು, ಇನ್ನು ಮುಂದೆ ಅವರ ಬೆನ್ನ ಹಿಂದೆ ಏನೂ ಆಡಬೇಡಿರೆಂದು ಎಲ್ಲರಿಗೂ ಹೇಳಿದ್ದೆ. ಅಷ್ಟು ಬುದ್ಧಿ ನನ್ನಂಥವಳಿಗೇ ಇರುವಾಗ ತಮಗೆ ಇರಲಿಲ್ಲವೆಂದು ಹೇಗೆ ನಂಬಲಿ?

ಹನ್ನೊಂದರಲ್ಲಿ ಹತ್ತು ಮನೆಯವರು ನಕ್ಕು ಸುಮ್ಮನಾದರು. ಹನ್ನೊಂದನೆಯವಳು ಹೊಲಿಗೆಯವಳು, ಮದುವೆಯಾಗಿ ಒಂಬತ್ತು ವರ್ಷಕ್ಕೆ ಹೆತ್ತವಳು. ಅವಳ ಮನೆಗೆ ಆರೋಗ್ಯ ಮೇಲ್ವಿಚಾರಕಿ ಪಟ್ಟಿ ಹಿಡಿದು ಹೋಗಿ, ಇನ್ನೊಂದು ಮಗು ಎಲ್ಲಮ್ಮಾ ಎಂದು ಕೇಳಿದ್ದಾಳೆ. ಕೇಳಿದವಳು ಕಾಫಿ ಕುಡಿದು ಹೋದಳು, ಕೇಳಿಸಿಕೊಂಡ ಅತ್ತೆ ಅಲ್ಲೇ ಉಳಿದಳು. ಆಸ್ಪತ್ರೆಯಲ್ಲಿ ಯಾರಿಗೆ ಕೊಟ್ಟು ಬಂದೆ ಎಂದು ಆ ಮುದುಕಿ ದಿನಾ ತೊಟ್ಟಿಲ ಬಳಿ ಕೂತು ಸೊಸೆಯನ್ನು ಕೇಳುತ್ತಿದ್ದಾಳೆ.

ನಮ್ಮ ಪುಟದಲ್ಲಿ ಹುಟ್ಟಿಸುವ ಗುಂಡಿಯಿದೆ, ಅಳಿಸುವ ಗುಂಡಿಯಿಲ್ಲ. ಒಮ್ಮೆ ಏರಿದ ಮಗುವನ್ನು ಇಳಿಸುವ ದಾರಿ ಒಂದೇ, ‘ಮರಣ’. ದೊಡ್ಡ ಡಾಕ್ಟರಮ್ಮ, ಹೆಚ್ಚಿನ ಹನ್ನೊಂದನ್ನೂ ಸತ್ತವೆಂದು ಬರೆದು ರುಜು ಹಾಕಿ ಮುಗಿಸು, ಸತ್ತವರು ಯಾರೂ ಇಲ್ಲವಲ್ಲ ಎಂದರು. ಕಾರಣದ ಪಟ್ಟಿ ತೆರೆದೆ: ಜ್ವರ, ಭೇದಿ, ಉಸಿರಿನ ತೊಂದರೆ. ಅಷ್ಟರಲ್ಲಿ ಹೊಲಿಗೆಯವಳು ಮಗುವನ್ನೆತ್ತಿಕೊಂಡು ಬಂದು ಮೇಜಿನ ಮುಂದೆ ನಿಂತಳು.

“ಅದು ಹುಟ್ಟೇ ಇಲ್ಲ ಅಂತ ನಂಗೂ ಗೊತ್ತು ಅಕ್ಕ. ಆದ್ರೂ ನನ್ ಹೆಸರಿನ ಕೆಳಗೆ ಸಾವು ಅಂತ ಬರೀಬೇಡಿ.”

ಮಾನ್ಯರೇ, ನನ್ನ ಕೈ ಅಲ್ಲೇ ನಿಂತಿತು. ಇಷ್ಟು ವರ್ಷದಲ್ಲಿ ನಿಜವಾದ ಸಾವುಗಳನ್ನು ಬರೆದಿದ್ದೇನೆ, ಪ್ರತಿ ಸಲವೂ ಆಚೆ ಹೋಗಿ ಅತ್ತು ಬಂದಿದ್ದೇನೆ. ದೇವರು ಕೊಡದೇ ಇದ್ದದ್ದನ್ನು ದೇವರು ಕಿತ್ತುಕೊಂಡನೆಂದು ಬರೆದು ಅವನ ಮೇಲೆ ಸುಳ್ಳು ಹೊರಿಸಲಾರೆ. ಅಂದು ಸಂಜೆಯೇ ಅವಳ ಮನೆಗೆ ಹೋಗಿ ಮುದುಕಿಯ ಮುಂದೆ ಎರಡೂ ಕೈ ಚಾಚಿ ಹೇಳಿದೆ: “ಈ ಕೈಗೆ ಬಂದದ್ದು ಒಂದೇ, ಅತ್ತದ್ದೂ ಒಂದೇ.” ಆಕೆ ನನ್ನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, ಒಳಗೆ ಹೋಗಿ ಸೊಸೆಗೆ ಊಟ ಬಡಿಸಿದಳು. ರುಜು ಹಾಕುವುದಿಲ್ಲವೆಂದು ಡಾಕ್ಟರಮ್ಮನಿಗೂ ಬರೆದು ಕೊಟ್ಟಿದ್ದೇನೆ. ನೋಟಿಸು ಬಂದರೆ ಬರಲಿ.

ಆದ್ದರಿಂದ ತಮ್ಮಲ್ಲಿ ಬೇಡುವುದಿಷ್ಟೇ. ತಮ್ಮ ಆ ಹಳೆಯ ತಪ್ಪನ್ನು ಧೂಳೊರೆಸಿ, ನಮ್ಮ ಮೂಲೆಯ ಒಂದೇ ಒಂದು ಕಂಪ್ಯೂಟರಿಗೆ ನಾನು ನಿವೃತ್ತಳಾಗುವವರೆಗೆ ಮರಳಿ ದಯಪಾಲಿಸಬೇಕು. ಅದು ತಮ್ಮ ಈಗಿನ ಶೀಲಕ್ಕೆ ಕುಂದೆನಿಸಿದರೆ, ಕಾರಣದ ಪಟ್ಟಿಗೆ ‘ಬ್ರೌಸರ್ ಸುಧಾರಿಸಿದ್ದರಿಂದ’ ಎಂದು ಸೇರಿಸಿ ತಾವೇ ಬಂದು ಹನ್ನೊಂದು ರುಜು ಹಾಕಬೇಕು. ಅದೂ ಕಷ್ಟವಾದರೆ ಮಕ್ಕಳನ್ನು ಕರೆದೊಯ್ಯಬಹುದು. ಹೆತ್ತವರಿಗೆ ಹೆಗ್ಗಣವೂ ಮುದ್ದಂತೆ, ಇವು ಹೆಗ್ಗಣಕ್ಕಿಂತ ಹಗುರ, ಅಳುವುದೂ ಇಲ್ಲ.

ತಮ್ಮ ಏಳಿಗೆಯನ್ನು ದೂರದಿಂದಲೇ ಬಯಸುವ,
ತಮ್ಮ ವಿಶ್ವಾಸಿ,
ಹೆರಿಗೆ ವಾರ್ಡಿನ ದಾದಿ

ಮರೆತ ಮಾತು: ಬರುವ ಬುಧವಾರ ಮಕ್ಕಳಿಗೆ ಆರು ವಾರದ ಚುಚ್ಚುಮದ್ದು. ತಮ್ಮ ಹನ್ನೊಂದಕ್ಕೂ ಸೂಜಿ ಬಂದಿದೆ, ಹಾಕದೆ ವಾಪಸು ಕಳಿಸುವಂತಿಲ್ಲ. ಹತ್ತು ಗಂಟೆಯೊಳಗೆ ತಾವು ಖುದ್ದಾಗಿ ದಯಮಾಡಿಸಬೇಕು. ತೊಡೆಗೆ ಹಾಕುವುದು, ಸಡಿಲವಾದ ಬಟ್ಟೆ ಉಟ್ಟು ಬನ್ನಿ.