ಹಾಲೆಂಡಿನ ಮರಗಳೂ ನಮ್ಮ ಕರಿಬೇವೂ

ಗಂಡನನ್ನು ಹಳಿಯುವುದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ಆದರೆ ವರ್ಕ್ ಫ್ರಮ್ ಹೋಮ್ ಬಂದು ಅವರು ದಿನವಿಡೀ ಕಣ್ಣೆದುರೇ ಕೂತಿರುವಾಗ ಇನ್ಯಾರನ್ನು ಹಳಿಯಲಿ? ಅಮೆರಿಕದ ಸೆಂಟರ್‌ವಿಲ್‌ನ ನಮ್ಮ ಮನೆಯ ಊಟದ ಮೇಜೇ ಅವರ ಆಫೀಸು. ಹೊಸ ಮ್ಯಾನೇಜರ್ ಡಚ್ ಮನುಷ್ಯ. ಯಾವುದೋ ಮೀಟಿಂಗಿನಲ್ಲಿ ಆತ ತನ್ನೂರು ಅಪೆಲ್ಡೋರ್ನ್ ಎಂದನಂತೆ, ಆ ಹೆಸರು ಸೇಬಿನ ಮರದಿಂದ ಬಂದದ್ದಂತೆ. ಅಷ್ಟೇ ಸಾಕಾಯಿತು. ಅವನನ್ನು ಮೆಚ್ಚಿಸಲು ನಮ್ಮವರು ಮರಗಳಿಂದ ಹೆಸರು ಬಂದ ಹಾಲೆಂಡಿನ ಊರುಗಳನ್ನೆಲ್ಲ ಬಾಯಿಪಾಠ ಮಾಡತೊಡಗಿದರು.

"ನೋಡೇ, ಬೆರ್ಕೆಲ್ ಅಂದ್ರೆ ಬರ್ಚ್ ಮರದ ತೋಪು. ಹಾಸೆಲ್ಟ್ ಅಂದ್ರೆ ಹೇಜಲ್ ಮರಗಳ ಜಾಗ. ಬ್ಯೂಟಿಫುಲ್ ಅಲ್ವಾ?"

"ತುಂಬಾ ಬ್ಯೂಟಿಫುಲ್. ಕುಕ್ಕರ್ ಮೂರು ಸಲ ಕೂಗಿದ್ರೆ ಆಫ್ ಮಾಡಿ ಅಂದಿದ್ದೆ."

ಬೇಳೆ ತಳ ಹಿಡಿದಿತ್ತು. ಈ ಮಹಾಪಂಡಿತರಿಗೆ ನಮ್ಮ ಬಾಗಿಲೆದುರಿನ ಮರ ಮೇಪಲ್ಲೋ ಓಕೋ ಗೊತ್ತಿಲ್ಲ. ನಮ್ಮ ಬಡಾವಣೆಯ ಹೆಸರಿನಲ್ಲೂ ಓಕ್ ಇದೆ. ಬಿಲ್ಡರ್ ಮಹಾಶಯ ಓಕ್ ಮರಗಳನ್ನೆಲ್ಲ ಕಡಿಸಿ ಬೋರ್ಡಿನ ಮೇಲೆ ಹೆಸರು ಉಳಿಸಿದ್ದಾನೆ. ಅದರ ಬಗ್ಗೆ ಸಂಶೋಧನೆ ಮಾಡಿ ಎಂದರೆ, "ಅದಕ್ಕೆ ಹಿಸ್ಟರಿ ಇಲ್ಲ ಕಣೇ" ಅನ್ನುತ್ತಾರೆ. ಥೂ!

ಹಿಸ್ಟರಿ ಇರುವ ಗಿಡವೊಂದು ನಮ್ಮ ಮನೆಯಲ್ಲೇ ಇತ್ತು. ಕುಂಡದ ಕರಿಬೇವು. ರಾಕ್‌ವಿಲ್‌ನ ಸಾವಿತ್ರಿ ಆಂಟಿ ಬೆರಳುದ್ದದ ಸಸಿ ಕೊಟ್ಟು, "ಚಳೀಲಿ ಹೊರಗೆ ಬಿಟ್ಯೋ, ಹೋಯ್ತು ಅಂತ ತಿಳ್ಕೊ" ಎಂದಿದ್ದರು. ಹುಳಿ ಮಜ್ಜಿಗೆ ಹಾಕಿ ಎಂಟು ವರ್ಷ ಸಾಕಿದ್ದೆ. ಬಂದವರಿಗೆ ನಾಲ್ಕು ಎಸಳು ಕಿತ್ತುಕೊಡುವಾಗ ನನ್ನ ಗತ್ತೇ ಬೇರೆ. ಬೇಸಿಗೆಯಲ್ಲಿ ಅದು ಮನೆಯ ಹಿಂದಿನ ಹಲಗೆ ಜಗಲಿ, ಅಂದರೆ ಡೆಕ್ಕಿನ ಮೇಲೆ, ಚಳಿ ಬಂದರೆ ಒಳಗೆ. ಕುಂಡ ಹೊರುವುದು ಅವರ ಕೆಲಸ.

ಈ ಸಲ ಇಬ್ಬನಿ ಹೆಪ್ಪುಗಟ್ಟುವ ಮೊದಲ ಫ್ರಾಸ್ಟ್ ಬಿದ್ದ ಬೆಳಿಗ್ಗೆ ನೋಡಿದರೆ ಗಿಡ ಡೆಕ್ಕಿನ ಮೇಲೇ ಕಪ್ಪಾಗಿ ಜೋತುಬಿದ್ದಿತ್ತು. ಅಳು ಬಂತು. ಅಳು ಮುಗಿದ ಮೇಲೆ ಬೈಗುಳ ಬಂತು.

"ಹಾಲೆಂಡಿನ ಮರಗಳೆಲ್ಲ ನೆನಪಿರುತ್ತೆ, ಮನೇಲಿರೋ ಒಂದೇ ಒಂದು ಗಿಡ ನೆನಪಿರಲ್ವಾ ನಿಮಗೆ?"

ಅವರು ಲ್ಯಾಪ್‌ಟಾಪ್ ಮುಚ್ಚಿ ಮೆಲ್ಲಗೆ ಹೇಳಿದರು. "ನಿನ್ನೆ ಸಂಜೆ ಪಾಟ್ ಎತ್ಕೊಂಡು ಬಾಗಿಲ ತನಕ ಬಂದೆ. ನೀನು ಕುರ್ಚಿ ಅಡ್ಡ ಹಾಕ್ಕೊಂಡು ಅಟ್ಲಾಂಟಾದ ನಿಮ್ಮಕ್ಕನ ಜೊತೆ ಫೋನಲ್ಲಿದ್ದೆ. 'ಅಲ್ಲೇ ಇಡ್ರೀ, ಆಮೇಲೆ ನಾನೇ ತರ್ತೀನಿ' ಅಂದೆ."

ನಿಜ, ಅಂದಿದ್ದೆ. ಮರದ ಹುಚ್ಚು ಹಿಡಿದು ಈ ಮನುಷ್ಯನಿಗೆ ಮನೆಯ ಜವಾಬ್ದಾರಿಯೇ ಇಲ್ಲದಂತಾಗಿದೆ ಎಂದು ಆಗ ಅಕ್ಕನಿಗೆ ವಿವರಿಸುತ್ತಿದ್ದೆ. ವಿವರಿಸಿ ಮುಗಿಸಲು ಒಂದೂವರೆ ಗಂಟೆ ಹಿಡಿಯಿತು.